ಮಂತ್ರವಿಲ್ಲದ ಮನೆಯ ಮೊದಲ ದಿನ

ರಾತ್ರಿ ಎರಡೂವರೆಗೆ ಫೋನ್ ಬಂದು ‘ಅಪ್ಪ ಹೋಗಿಬಿಟ್ರು’ ಅಂದಾಗ ಮೊದಲು ಕೇಳಬೇಕಾದ್ದು ‘ಡಾಕ್ಟರ್ ಬಂದು ನೋಡಿದ್ರಾ?’ ಅಂತ. ಕೇಳುವುದಕ್ಕೆ ಕಲ್ಲು ಮನಸ್ಸು ಅನ್ನಿಸುತ್ತದೆ. ಆದರೆ ಮನೆಯಲ್ಲಿ ಆದ ಸಾವಿಗೆ ವೈದ್ಯರೊಬ್ಬರು ಬಂದು ನೋಡಿ, ಕಾರಣ ಬರೆದು ಸಹಿ ಹಾಕದಿದ್ದರೆ ಮುಂದಿನ ಎಲ್ಲವೂ ನಿಂತುಹೋಗುತ್ತದೆ. ನೇತ್ರ ಬ್ಯಾಂಕಿನವರಿಗೂ ಅದೇ ಚೀಟಿ ಬೇಕು, ಚಿತಾಗಾರದವರಿಗೂ ಅದೇ, 21 ದಿನದೊಳಗೆ ಸಾವು ನೋಂದಾಯಿಸುವ ಕಚೇರಿಗೂ ಅದೇ. ಪರಿಚಯವಿಲ್ಲದ ವೈದ್ಯರು ಸರಿರಾತ್ರಿಯಲ್ಲಿ ಹಾಗೆ ಬರೆದುಕೊಡುವುದಿಲ್ಲ. ಕೊಡಲೂಬಾರದು. ಕೊನೆಯ ದಿನಗಳಲ್ಲಿ ನೋಡುತ್ತಿದ್ದ ವೈದ್ಯರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಬೇಕು.

ಮೈಸೂರಿನ ಒಂದು ಮನೆ ಅಂದುಕೊಳ್ಳಿ. ಎಂಬತ್ತು ದಾಟಿದ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ‘ನನಗೆ ಯಾವ ಕರ್ಮವೂ ಬೇಡ, ಕಣ್ಣು ಕೊಡಿ, ದೇಹ ಮೆಡಿಕಲ್ ಕಾಲೇಜಿಗೆ ಕೊಡಿ’ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವರು. ಹೆಂಡತಿ ದಿನವೂ ದೇವರ ಮುಂದೆ ದೀಪ ಹಚ್ಚುವವರು. ಮಗ ಅಪ್ಪನ ಕಡೆ. ಮಗಳು ಹೊರದೇಶದಲ್ಲಿ. ಕರ್ಮ ಬೇಡವೆಂದವರ ಮನೆಗಳು ಬಹುಪಾಲು ಹೀಗೇ. ಇಡೀ ಮನೆಯೇ ನಾಸ್ತಿಕವಾಗಿರುವುದು ಅಪರೂಪ. ನಂಬಿಕೆ ಇಲ್ಲದೆ ದುಃಖ ತಡೆದುಕೊಳ್ಳಬಹುದೇ ಎಂಬ ಪ್ರಶ್ನೆ ಪುಸ್ತಕದಲ್ಲಿ ಬಂದಂತೆ ಇಲ್ಲಿ ಬರುವುದಿಲ್ಲ. ಬೆಳಗಿನ ಹತ್ತು ಗಂಟೆಗೆ, ಹಾಲ್‌ನಲ್ಲಿ, ಚಿಕ್ಕಪ್ಪನ ಬಾಯಿಂದ ಬರುತ್ತದೆ.

ಅದಕ್ಕೆ ಮೊದಲು ಕೈಯ ಕೆಲಸವಿದೆ. ಸತ್ತ ಎರಡರಿಂದ ನಾಲ್ಕು ಗಂಟೆಯೊಳಗೆ ದೇಹ ಸೆಟೆಯಲು ಶುರುವಾಗುತ್ತದೆ, ದವಡೆ ಕುತ್ತಿಗೆಗಳಲ್ಲಿ ಬೇಗ. ಹಲ್ಲಿನ ಸೆಟ್ ಇದ್ದರೆ ಆಗಲೇ ಹಾಕಬೇಕು, ಆಮೇಲೆ ಬಾಯಿ ತೆರೆಯುವುದಿಲ್ಲ. ಗದ್ದದಿಂದ ನೆತ್ತಿಗೆ ಒಂದು ಬಟ್ಟೆ ಕಟ್ಟುವುದು, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟುವುದು, ಕೈ ನೇರ ಮಾಡುವುದು, ಇವೆಲ್ಲ ಶಾಸ್ತ್ರವೆಂದು ಮಾಡುತ್ತಾ ಬಂದ ಕೆಲಸಗಳು. ಶಾಸ್ತ್ರ ಬೇಡವೆನ್ನುವವರೂ ಮಾಡಲೇಬೇಕು. ತಲೆಯ ಹತ್ತಿರ ದೀಪ ಇಡುವುದಕ್ಕೆ ಯಾರದೂ ತಕರಾರಿಲ್ಲ. ಆದರೆ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರೋ ಯಂತ್ರವೋ ಇದ್ದರೆ ಮೊದಲು ಅದನ್ನು ಆರಿಸಿ ಹೊರಗೆ ಸಾಗಿಸಿ, ಕಿಟಕಿ ತೆಗೆದು, ಆಮೇಲೆ ದೀಪ ಹಚ್ಚಬೇಕು. ಗಾಬರಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಕಣ್ಣುದಾನಕ್ಕೆ ಸತ್ತ ಮೇಲೆ ಆರು ಗಂಟೆಗಳ ಗಡುವು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯ ಕೆಳಗೆ ದಿಂಬು ಕೊಟ್ಟು ಅರ್ಧ ಅಡಿ ಎತ್ತರಿಸಬೇಕು. ಫ್ಯಾನ್ ಗಾಳಿಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಒಣಗುತ್ತದೆ, ತಲೆ ತಗ್ಗಿದ್ದರೆ ತೆಗೆಯುವಾಗ ರಕ್ತ ಒಸರುತ್ತದೆ. ಬಂದವರು ‘ಸೆಕೆ’ ಎಂದು ಫ್ಯಾನ್ ಹಾಕುತ್ತಲೇ ಇರುತ್ತಾರೆ. ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿಬಿಡಿ. ಕನ್ನಡಕ ಹಾಕುತ್ತಿದ್ದರು, ಪೊರೆಯ ಆಪರೇಷನ್ ಆಗಿತ್ತು, ಸಕ್ಕರೆ ಕಾಯಿಲೆ ಇತ್ತು ಎಂದು ಮನೆಯವರೇ ಹಿಂಜರಿಯುತ್ತಾರೆ. ಅವು ಯಾವುವೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತಕ್ಕೆ ಹರಡಿದ ಸೋಂಕು, ರಕ್ತದ ಕ್ಯಾನ್ಸರ್ ಮುಂತಾದವು ಇದ್ದರೆ ಮಾತ್ರ ತೆಗೆದುಕೊಳ್ಳುವುದಿಲ್ಲ. ನೇತ್ರ ಬ್ಯಾಂಕಿನಿಂದ ಬಂದವರ ಕೆಲಸ ಇಪ್ಪತ್ತು ನಿಮಿಷದ್ದು, ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ಕೆಡುವುದಿಲ್ಲ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್, 2021ರ ಅಕ್ಟೋಬರ್‌ನಲ್ಲಿ ಪುನೀತ್ ತೀರಿಕೊಂಡಾಗ ಕಣ್ಣು ಕೊಟ್ಟಿದ್ದನ್ನು ಎಲ್ಲರೂ ಬಲ್ಲರು. ಪುನೀತ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ‘ಅಪ್ಪು ಕೊಟ್ಟಿರಲಿಲ್ವಾ?’ ಎಂಬ ಒಂದು ಮಾತಿಗೆ ಬಗ್ಗುವಷ್ಟು ಹಿರಿಯರು ಯಾವ ವಿಚಾರವಾದಕ್ಕೂ ಬಗ್ಗುವುದಿಲ್ಲ.

ದೇಹದಾನದಲ್ಲೇ ಎಡವುವುದು. ಸತ್ತವರು ಬದುಕಿದ್ದಾಗ ಎಷ್ಟೇ ಅರ್ಜಿ ತುಂಬಿರಲಿ, ಹತ್ತಿರದ ಬಂಧುಗಳು ಒಪ್ಪದಿದ್ದರೆ ಕಾಲೇಜಿನವರು ಮುಟ್ಟುವುದಿಲ್ಲ. ಬಂಧುಗಳು ಒಪ್ಪಿದರೂ ಕಾಲೇಜು ಬೇಡವೆನ್ನಬಹುದು. ಮರಣೋತ್ತರ ಪರೀಕ್ಷೆ ಆಗಿದ್ದರೆ ಬೇಡ, ಸೋಂಕಿದ್ದರೆ ಬೇಡ. ತಿಂಗಳುಗಟ್ಟಲೆ ಮಲಗಿ ಬೆನ್ನಲ್ಲಿ ಆಳವಾದ ಹುಣ್ಣಾಗಿದ್ದರೆ ಅನುಮಾನ. ಭಾನುವಾರವಾದರೆ ಫೋನೇ ಎತ್ತದಿರಬಹುದು. ಅಪ್ಪನ ಕೊನೆಯ ಆಸೆಯನ್ನು ಕಾಲೇಜೇ ತಿರಸ್ಕರಿಸಿದಾಗ ಮಗನ ಮುಖ ನೋಡಲಾಗುವುದಿಲ್ಲ. ಪುರೋಹಿತರು ‘ಹಾಗಾದರೆ ಹೀಗೆ ಮಾಡೋಣ’ ಎಂದು ಯಾವುದಕ್ಕಾದರೂ ಪರಿಹಾರ ಹೇಳಿಯಾರು. ಅಂಗರಚನಾ ವಿಭಾಗಕ್ಕೆ ಪರಿಹಾರ ಹೇಳುವ ಅಭ್ಯಾಸವಿಲ್ಲ. ಎರಡನೆಯ ದಾರಿಯನ್ನು ಮೊದಲೇ ಮಾತಾಡಿಟ್ಟುಕೊಂಡಿರಬೇಕು: ಕಾಲೇಜು ಬೇಡವೆಂದರೆ ಚಿತಾಗಾರ, ಮಂತ್ರವಿಲ್ಲದೆ.

ಈಗ ಹತ್ತು ಗಂಟೆ. ಊರಿಂದ ಎರಡು ಕಾರು ಬಂದಿವೆ.

‘ಅಲ್ಲ ಕಣಪ್ಪಾ, ಬಾಯಿಗೆ ಒಂದು ಹಿಡಿ ಅಕ್ಕಿನಾದ್ರೂ ಹಾಕಬಾರದಾ? ಅನಾಥನ ಥರ ಕಳಿಸ್ತೀಯಾ ನಮ್ಮಣ್ಣನ್ನ?’

ಇಲ್ಲಿ ಮಗ ಮಾಡುವ ತಪ್ಪು ಒಂದೇ. ವಾದಕ್ಕೆ ಇಳಿಯುತ್ತಾನೆ. ಸತ್ತವರಿಗೆ ಅಕ್ಕಿ ತಿನ್ನಲಾಗುತ್ತದೆಯೇ, ಆತ್ಮ ನೋಡಿದವರುಂಟೇ. ಎಲ್ಲ ಸರಿಯಾದ ಪ್ರಶ್ನೆಗಳೇ, ಕೇಳುವ ಹೊತ್ತು ತಪ್ಪು. ಚಿಕ್ಕಪ್ಪ ತತ್ವ ಕೇಳುತ್ತಿಲ್ಲ. ಅಣ್ಣನಿಗೆ ಕೊನೆಯದಾಗಿ ಏನಾದರೂ ಕೊಡಬೇಕು ಅನ್ನಿಸಿದೆ, ಆ ಕೈಗೆ ಗೊತ್ತಿರುವುದು ಅಕ್ಕಿಯೊಂದೇ. ನಮ್ಮ ಅಭಿಪ್ರಾಯ ಇದು: ಕರ್ಮ ಬೇಡವೆಂದದ್ದು ಮೇಷ್ಟ್ರ ದೇಹದ ಮಟ್ಟಿಗಿನ ಮಾತು. ಬಂದವರ ಅಳುವಿಗೆ ಅವರು ನಿಯಮ ಮಾಡಿಟ್ಟಿರಲಿಲ್ಲ. ಅಕ್ಕಿ ಹಾಕಲಿ, ತುಳಸಿ ನೀರು ಬಿಡಲಿ. ಹೆಂಡತಿ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರೆ ಟೇಪ್ ಹಾಕಿದರೂ ಪರವಾಗಿಲ್ಲ.

ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅಂದರೆ, ನಂಬಿಕೆ ಬದುಕಿರುವವರ ಮೇಲೆ ಕೈ ಮಾಡುವಲ್ಲಿ. ಬಳೆ ಒಡೆಯುವ, ಕುಂಕುಮ ಅಳಿಸುವ ಮಾತು ಬಂದೇ ಬರುತ್ತದೆ. ಅದನ್ನು ತಡೆಯಬೇಕಾದವರು ಮಗನಲ್ಲ. ಬಂದವರಲ್ಲಿ ಎಲ್ಲರೂ ಮಾತು ಕೇಳುವಂಥ ಹಿರಿಯ ಹೆಂಗಸೊಬ್ಬರಿಗೆ ಬೆಳಿಗ್ಗೆಯೇ ಹೇಳಿ, ಅಮ್ಮನ ಪಕ್ಕ ಕೂರಿಸಿಬಿಡಬೇಕು. ಇನ್ನೊಂದು, ಸತ್ತ ಹೊತ್ತಿನ ನಕ್ಷತ್ರದ ಸಂಗತಿ. ಯಾರೋ ಪಂಚಾಂಗ ತೆಗೆದು ‘ಧನಿಷ್ಠಾ ಪಂಚಕ, ಮನೆ ಬಿಡಬೇಕು’ ಎನ್ನುತ್ತಾರೆ. ಮೂರು ತಿಂಗಳೋ ಆರು ತಿಂಗಳೋ ಮನೆಗೆ ಬೀಗ. ಗಂಡನನ್ನು ಕಳೆದುಕೊಂಡ ವಾರದಲ್ಲೇ ಐವತ್ತು ವರ್ಷ ಬಾಳಿದ ಅಡುಗೆಮನೆಯನ್ನೂ ಕಳೆದುಕೊಳ್ಳುವುದು. ಬಾಡಿಗೆ ಮನೆಯಾದರೆ ಮಾಲೀಕರ ಮುಖವೇ ಬದಲಾಗುತ್ತದೆ. ಧರ್ಮದ ಮೂಲಕ ಜನ ಕಷ್ಟ ತಡೆದುಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಇದನ್ನೇ ಎರಡಾಗಿ ವಿಂಗಡಿಸಿದ್ದು: ದೇವರು ಜೊತೆಗಿದ್ದಾನೆ ಅಂದುಕೊಂಡವರದು ಒಂದು ದಾರಿ, ದೇವರು ಶಿಕ್ಷಿಸಿದ ಅಂದುಕೊಂಡವರದು ಇನ್ನೊಂದು. ಎರಡನೆಯ ದಾರಿಯವರು ಹೆಚ್ಚು ನರಳುತ್ತಾರೆ. ನಮ್ಮಲ್ಲಿ ಆ ಎರಡನೆಯದಕ್ಕೆ ದೋಷ ಎಂದು ಹೆಸರು.

ಕಾಲೇಜು ಬೇಡವೆಂದಿದ್ದರೆ ಮಧ್ಯಾಹ್ನ ಚಿತಾಗಾರ. ಎದೆಯೊಳಗೆ ಪೇಸ್‌ಮೇಕರ್ ಇದ್ದರೆ ಮೊದಲೇ ವೈದ್ಯರಿಂದ ತೆಗೆಸಿರಬೇಕು, ಕುಲುಮೆಯೊಳಗೆ ಅದರ ಬ್ಯಾಟರಿ ಸಿಡಿಯುತ್ತದೆ. ಆಧಾರ್ ಪ್ರತಿ, ವೈದ್ಯರ ಚೀಟಿ, ಎರಡೆರಡು ಜೆರಾಕ್ಸ್. ಮಂತ್ರವಿಲ್ಲದಿದ್ದರೆ ಚಟ್ಟ ಇಳಿಸಿದ ಮೇಲೆ ಎಲ್ಲರೂ ಏನು ಮಾಡುವುದೆಂದು ತಿಳಿಯದೆ ಮೊಬೈಲ್ ನೋಡುತ್ತಾ ನಿಲ್ಲುವ ಐದು ನಿಮಿಷ ಬರುತ್ತದೆ. ಬಹಳ ಕೆಟ್ಟ ಐದು ನಿಮಿಷ ಅದು. ಒಬ್ಬರು ಮುಂದೆ ಬಂದು ‘ಎಲ್ಲರೂ ಒಂದೊಂದು ಹೂವು ಹಾಕಿ, ಎರಡು ನಿಮಿಷ ಸುಮ್ಮನಿರೋಣ’ ಎಂದರೆ ಸಾಕು. ಆ ಒಬ್ಬರು ಯಾರೆಂದು ಮನೆ ಬಿಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಸೌದೆಯ ಚಿತೆಗೆ ಸುಮಾರು 400–500 ಕಿಲೋ ಕಟ್ಟಿಗೆ ಬೇಕು, ಆರಿ ತಣ್ಣಗಾಗಲು ಮರುದಿನವಾಗುತ್ತದೆ. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಮೂಳೆ ಆಯುವ ಪದ್ಧತಿ ಆ ಬೂದಿಗೆ ಹೊಂದುತ್ತದೆ. ವಿದ್ಯುತ್ ಕುಲುಮೆಯಲ್ಲಿ ಗಂಟೆ, ಒಂದೂವರೆ ಗಂಟೆ. ಸಂಜೆಗೆ ಮಡಕೆ ಕೈಗೇ ಬಂದುಬಿಡುತ್ತದೆ. ಬೆಳಿಗ್ಗೆ ಮಾತಾಡಿಸಲು ಹೋದರೆ ಮುಖವಿತ್ತು, ಸಂಜೆಗೆ ಎರಡು ಕಿಲೋ ಬೂದಿ. ಈ ವೇಗವನ್ನು ಅಮ್ಮನ ಮನಸ್ಸು ಹಿಂಬಾಲಿಸುವುದಿಲ್ಲ. ಮಡಕೆಯನ್ನು ಚಿತಾಗಾರದ ಕಪಾಟಿನಲ್ಲೇ ಇಟ್ಟು ಮೂರನೆಯ ದಿನ ತರುವುದು ಮೇಲು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವುದೋ, ಮನೆಯ ಮಾವಿನ ಬುಡಕ್ಕೆ ಹಾಕುವುದೋ ಆಮೇಲಿನ ಮಾತು. ದೇಹ ಕಾಲೇಜಿಗೆ ಹೋಗಿದ್ದರೆ ಬೂದಿಯೂ ಇಲ್ಲ. ‘ಬಿಡೋಕೆ ಒಂದು ಹಿಡಿ ಬೂದಿನೂ ಇಲ್ವೇನೋ?’ ಎಂದು ಅಮ್ಮ ಕೇಳಿದರೆ ಅದು ಮೂಢನಂಬಿಕೆಯಲ್ಲ. ದೇಹ ಸಿಗದವರಿಗೆ ದರ್ಭೆಯ ಪ್ರತಿಕೃತಿ ಮಾಡಿ ಸುಡುವ ವಿಧಿಯನ್ನು ಶಾಸ್ತ್ರದವರು ಮಾಡಿಟ್ಟಿದ್ದು ಈ ಪ್ರಶ್ನೆಗೇ ಇರಬೇಕು.

ನಾಲ್ಕು ಗಂಟೆಗೆ ಸ್ನಾನವಾಯಿತು. ನಿಜವಾದ ಕಷ್ಟ ಈಗ ಶುರು.

ಕರ್ಮ ಮಾಡುವ ಮನೆಗೆ ನಾಳೆ ಏನು ಮಾಡಬೇಕೆಂದು ಗೊತ್ತು. ಮೂರನೆಯ ದಿನ ಅಸ್ಥಿ, ಹತ್ತನೆಯ ದಿನ ಧರ್ಮೋದಕ, ಹನ್ನೊಂದು ಹನ್ನೆರಡಕ್ಕೆ ಪಿಂಡ, ಹದಿಮೂರಕ್ಕೆ ವೈಕುಂಠ ಸಮಾರಾಧನೆ, ಆಮೇಲೆ ತಿಂಗಳ ಮಾಸಿಕ, ವರ್ಷಕ್ಕೆ ವರ್ಷಾಬ್ದಿಕ. ಮಂಡ್ಯದ ಕಡೆಯ ಒಕ್ಕಲು ಮನೆಗಳಲ್ಲಿ ಹನ್ನೊಂದಕ್ಕೆ ತಿಥಿ, ಊರಿಗೆಲ್ಲ ಊಟ. ಎಳ್ಳು ತರಬೇಕು, ಬಾಳೆಎಲೆ ಹೇಳಬೇಕು, ಕಾಗೆ ಪಿಂಡ ಮುಟ್ಟುವವರೆಗೂ ಹೊಳೆ ದಂಡೆಯಲ್ಲಿ ಕಾಯಬೇಕು. ಇದರಲ್ಲಿ ಎಷ್ಟನ್ನು ಅವರು ನಂಬುತ್ತಾರೆ ಎಂದು ಕೇಳಿ ನೋಡಿ, ಅರ್ಧಕ್ಕರ್ಧ ಮಂದಿ ನಗುತ್ತಾರೆ. ನಂಬದಿದ್ದರೂ ಕೆಲಸ ಅವರನ್ನು ಎಬ್ಬಿಸಿ ನಿಲ್ಲಿಸುತ್ತದೆ. ಸೂತಕವನ್ನೇ ಒಪ್ಪದ ಲಿಂಗಾಯತರಲ್ಲೂ ದೇಹವನ್ನು ಕೂರಿಸಿ, ಇಷ್ಟಲಿಂಗ ಕೈಯಲ್ಲಿಟ್ಟು, ವಿಭೂತಿ ಹಾಕಿ ಸಮಾಧಿ ಮಾಡುವ ಕ್ರಮಕ್ಕೆ ಊರಿನ ಹತ್ತು ಕೈ ಬೇಕು. ಮಂತ್ರ ಬಿಟ್ಟ ಮನೆಯವರು ಮಂತ್ರದ ಜೊತೆ ಈ ಕೆಲಸವನ್ನೂ ಕೈಗಳನ್ನೂ ಬಿಟ್ಟುಬಿಡುತ್ತಾರೆ. ಬಂದವರು ಎರಡನೆಯ ದಿನಕ್ಕೆ ಹೊರಟರೆ, ಐದನೆಯ ದಿನದ ಮಧ್ಯಾಹ್ನ ಮನೆಯಲ್ಲಿ ಅಮ್ಮ, ಮಗ ಮತ್ತು ಗಡಿಯಾರ.

ಅದಕ್ಕೇ ಚಿತಾಗಾರದಿಂದ ಹೊರಡುವ ಮುಂಚೆ ಒಂದು ದಿನಾಂಕ ಹೇಳಿಬಿಡಬೇಕು. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ನುಡಿನಮನ, ಊಟಕ್ಕೆ ಬನ್ನಿ. ಹಳೆಯ ಲೆಕ್ಕದ ದಿನವನ್ನೇ ಇಟ್ಟುಕೊಂಡರೆ ನೆಂಟರಿಗೆ ಗೊಂದಲವಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಒಲೆ ಹಚ್ಚದಂತೆ ಅಕ್ಕಪಕ್ಕದವರಿಗೆ ಊಟದ ಪಾಳಿ. ಊಟ ತಂದವರು ಡಬ್ಬಿ ಕೊಟ್ಟು ಓಡದೆ ಕೂತು ಬಡಿಸಿ ಹೋಗುವುದು ಕರಾರು. ನುಡಿನಮನ ಒಂದೂವರೆ ಗಂಟೆ ಮೀರಬಾರದು. ಮಾತಾಡುವವರು ನಾಲ್ಕು ಜನ, ತಲಾ ಐದು ನಿಮಿಷ, ಅದರಲ್ಲಿ ಒಬ್ಬರು ಹಳೆಯ ವಿದ್ಯಾರ್ಥಿ. ಇದು ಕೆಡುವುದು ಯಾವಾಗಲೂ ಒಂದೇ ರೀತಿಯಲ್ಲಿ: ಯಾರೋ ಮೈಕ್ ಹಿಡಿದು ಮೇಷ್ಟ್ರು ಪುರೋಹಿತಶಾಹಿಯನ್ನು ಹೇಗೆ ಧಿಕ್ಕರಿಸಿದರು ಎಂದು ಮುಕ್ಕಾಲು ಗಂಟೆ ಭಾಷಣ ಮಾಡುತ್ತಾರೆ, ಮುಂದಿನ ಸಾಲಿನಲ್ಲಿ ಅಮ್ಮ ಸೆರಗು ತಿರುವುತ್ತಾ ಕೂತಿರುತ್ತಾರೆ.

ದೇವರಿಲ್ಲದೆ ಬಾಳಿದವರ ಮಾತು ಬಂದಾಗ ಎಚ್. ನರಸಿಂಹಯ್ಯನವರ ಹೆಸರು ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದವರು, 2005ರಲ್ಲಿ ತೀರಿಕೊಂಡವರು. ಹೆಂಡತಿ ಮಕ್ಕಳಿಲ್ಲ, ನಿಜ. ಆದರೆ ಅವರು ದಶಕಗಟ್ಟಲೆ ಇದ್ದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಸುತ್ತ ಹುಡುಗರ ಗಲಾಟೆಯ ನಡುವೆ.

ಒಂದು ವಿಷಯದಲ್ಲಿ ಮಾತ್ರ ನಂಬಿಕೆಗೆ ಸಾಟಿಯಾದದ್ದು ಸುಲಭವಾಗಿ ಸಿಗುವುದಿಲ್ಲ. ‘ಇನ್ನೊಂದು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರೆ?’ ಎಂಬುದು. ನಂಬುವವರಿಗೆ ‘ಆಯಸ್ಸು ಅಷ್ಟೇ ಇತ್ತು’ ಎಂಬ ಮೂರು ಪದವಿದೆ, ಪ್ರಶ್ನೆ ಅಲ್ಲಿಗೆ ಮುಚ್ಚುತ್ತದೆ. ನಂಬದವನ ತಲೆಯಲ್ಲಿ ಅದು ರಾತ್ರಿ ಮೂರಕ್ಕೆ ಎದ್ದು ಕೂರುತ್ತದೆ. ಮಾಡಬಹುದಾದ್ದು ಇಷ್ಟು: ಎರಡು ವಾರ ಬಿಟ್ಟು ಆಸ್ಪತ್ರೆಯ ಫೈಲ್ ಹಿಡಿದು, ನೋಡುತ್ತಿದ್ದ ವೈದ್ಯರ ಬಳಿ ಸಮಯ ಕೇಳಿ ಹೋಗುವುದು. ಏನಾಗಿ ಹೋದರು, ಯಾವಾಗ ಶುರುವಾಗಿತ್ತು, ಮೊದಲೇ ಬಂದಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು ಎಂದು ಬರೆದುಕೊಂಡು ಹೋಗಿ ಕೇಳಬೇಕು. ಉತ್ತರ ಕೆಲವೊಮ್ಮೆ ‘ಹೌದು, ಸ್ವಲ್ಪ ವ್ಯತ್ಯಾಸ ಆಗ್ತಿತ್ತು’ ಎಂದೂ ಬರುತ್ತದೆ. ಅದಕ್ಕೂ ಸಿದ್ಧವಾಗಿ, ಒಬ್ಬನೇ ಹೋಗದೆ, ಜೊತೆಗೆ ತಂಗಿಯನ್ನೋ ಸ್ನೇಹಿತನನ್ನೋ ಕರೆದುಕೊಂಡು ಹೋಗಬೇಕು. ಆರು ತಿಂಗಳು ಕಳೆದರೂ ಊಟ ನಿದ್ದೆ ಕೆಲಸ ದಾರಿಗೆ ಬರದಿದ್ದರೆ ಅದನ್ನು ಕಾಯಿಲೆಯೆಂದೇ ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ದಿನದ ರಾತ್ರಿಗೆ ಉಳಿಯುವುದು ಸಣ್ಣ ಸಣ್ಣವು. ಬಾಡಿಗೆಯ ಮಂಚ ಹಿಂತಿರುಗಿಸುವುದು ನಾಳೆಗಿರಲಿ, ಅದರ ಮೇಲಿನ ಹೊದಿಕೆಯನ್ನು ಅಮ್ಮನನ್ನು ಕೇಳದೆ ಒಗೆಯಲು ಹಾಕಬೇಡಿ. ಮಾತ್ರೆಯ ಡಬ್ಬಿಯನ್ನೂ ಎಸೆಯಬೇಡಿ. ಎಂಟು ಗಂಟೆಯ ಮಾತ್ರೆ ಕೊಡುವ ಹೊತ್ತಿಗೆ ಅವರು ಏಳುತ್ತಾರೆ, ಏಳಲಿ. ಗಂಡನಿಗಾಗಿ ಓಡಾಡುವಾಗ ತಮ್ಮ ಬಿಪಿ ಮಾತ್ರೆ ನುಂಗಿರುವುದಿಲ್ಲ, ಅದನ್ನು ಆಗ ಕೊಡಿ. ಹಾಲಿನವರಿಗೆ ಲೀಟರನ್ನು ಅರ್ಧ ಲೀಟರ್ ಮಾಡಿ ಎಂದು ಹೇಳುವ ಆತುರವೂ ಬೇಡ. ಬರುವವರಿಗೆಲ್ಲ ಕಾಫಿ ಆಗಬೇಕಲ್ಲ, ಈ ವಾರ ಎರಡು ಲೀಟರಾದರೂ ಸಾಲದು.