‘ಬಂತು ಬಂತು’ ಅಂದರೆ ಏನು ಬಂತು?

ನಾನು ಟಿವಿ ಕೆಲಸಕ್ಕೆ ಸೇರಿದ್ದು 1996ರಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ರಿಪೇರಿ ಅಂಗಡಿಯಲ್ಲಿ. ಟಿವಿ ಕೆಲಸ ಅಂದರೆ ಫ್ಯಾನಿನ ಕೆಳಗೆ ಕೂತು ಸೋಲ್ಡರಿಂಗ್ ಮಾಡುವುದು ಅಂದುಕೊಂಡಿದ್ದೆ. ಮೊದಲ ಎರಡು ವರ್ಷ ಮಾಡಿದ್ದು ಪೈಪ್ ಹೊರುವುದು, ಹಂಚಿನ ಮಾಡಿಗೆ ಹತ್ತುವುದು, ಒಡೆದ ಹಂಚಿಗೆ ಬೈಸಿಕೊಳ್ಳುವುದು. ಅಂಗಡಿಯ ಅಣ್ಣ ಹತ್ತುತ್ತಿರಲಿಲ್ಲ. ಅವರಿಗೆ ಸೊಂಟ ನೋವು. ನಾನು ಹತ್ತಿ ಆಂಟೆನಾ ತಿರುಗಿಸುವುದು, ಮನೆಯವರು ಒಳಗಿಂದ ‘ಬಂತು’ ಅನ್ನುವುದು, ನಾನು ನಟ್ಟು ಬಿಗಿ ಮಾಡುವುದು. ಕೆಲಸ ಇಷ್ಟೇ ಅಂತ ನನ್ನ ಲೆಕ್ಕ.

ಆ ಲೆಕ್ಕ ತಪ್ಪಿದ್ದು 1998ರಲ್ಲಿ, ನೀರ್ಚಾಲು ಕಡೆಯ ಒಂದು ತೋಟದ ಮನೆಯಲ್ಲಿ.

ಮಂಗ ಜೋತುಬಿದ್ದು ಅವರ ಹಳೆ ಆಂಟೆನಾ ಮುರಿದಿತ್ತು. ಹೊಸದು ಕಟ್ಟಬೇಕಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾಡಿಗೆ ಹತ್ತಿದೆ. ನಮ್ಮ ಕಡೆ ಆಗ ಆಂಟೆನಾ ತಿರುಗಿಸಲು ಎರಡು ದಿಕ್ಕು. ಬದಿಯಡ್ಕದಿಂದ ನೈರುತ್ಯಕ್ಕೆ ಕಾಸರಗೋಡಿನ ಟವರ್, ನೇರ ದೂರ 12-13 ಕಿಲೋಮೀಟರ್. ವಾಯವ್ಯಕ್ಕೆ ಮಂಗಳೂರು, 40 ಕಿಲೋಮೀಟರಿನ ಮೇಲೆ. ಕಾಸರಗೋಡಿನದ್ದು ಸಣ್ಣ ಟವರ್. ಲೋ ಪವರ್ ಟ್ರಾನ್ಸ್‌ಮಿಟರ್ ಅಂತ ಕರೆಯುತ್ತಿದ್ದದ್ದು. ಅಂಥವುಗಳ ಶಕ್ತಿ 100 ವಾಟ್, ಅಂದರೆ ನಮ್ಮ ಚಾವಡಿಯ ಹಳೆ ಬಲ್ಬಿನಷ್ಟು! ಹರಡುವುದು ಸುಮಾರು 15 ಕಿಲೋಮೀಟರ್. ಆದರೂ ಹತ್ತಿರದ್ದಲ್ವಾ, ಆ ಮನೆಯಲ್ಲಿ ಕಡ್ಡಿ ನೈರುತ್ಯಕ್ಕೆ ತಿರುಗಿಸಿದ ಕೂಡಲೇ ಚಿತ್ರ ಕನ್ನಡಿಯ ಹಾಗೆ ಬಂತು. ಒಳಗಿಂದ ಮೊಮ್ಮಗ ‘ಬಂತು ಬಂತು, ಚಂದ ಬಂತು’ ಅಂದ. ನಟ್ಟು ಬಿಗಿದೆ, ಮಜ್ಜಿಗೆ ಕುಡಿದೆ, ದುಡ್ಡು ತಗೊಂಡು ಬಂದೆ.

ಮರುದಿನ ಆ ಮನೆಯ ಅಜ್ಜಿ ಮೊಮ್ಮಗನನ್ನು ಕರಕೊಂಡು ಅಂಗಡಿಗೇ ಬಂದರು.

‘ಮಾಣಿ, ಚಿತ್ರ ಚಂದ ಉಂಟು. ಆದರೆ ಸಂಜೆ ಆದದ್ದೇ ಟಿವಿ ಮಲಯಾಳ ಮಾತಾಡ್ತದೆ. ನನ್ನ ವಾರ್ತೆ ಎಲ್ಲಿ ಹೋಯ್ತು?’

ಎಂತ ಆಗಿತ್ತು ಅಂದರೆ, ಹಗಲು ಹೊತ್ತಿನಲ್ಲಿ ಎರಡೂ ಟವರ್ ಬಿಡುತ್ತಿದ್ದದ್ದು ದಿಲ್ಲಿಯ ಅದೇ ಹಿಂದಿ ಕಾರ್ಯಕ್ರಮ. ಯಾವುದು ಯಾವ ಟವರಿನದ್ದು ಅಂತ ಚಿತ್ರ ನೋಡಿ ಹೇಳಲಿಕ್ಕೆ ಆಗುತ್ತಿರಲಿಲ್ಲ. ಸಂಜೆ ಪ್ರಾದೇಶಿಕ ಕಾರ್ಯಕ್ರಮ ಶುರುವಾದ ಮೇಲೆಯೇ ಗೊತ್ತಾಗುವುದು. ಆಗ ಕಾಸರಗೋಡಿನ ಟವರ್ ತಿರುವನಂತಪುರದ ಮಲಯಾಳಕ್ಕೆ ಹೋಗುತ್ತಿತ್ತು, ಮಂಗಳೂರಿನದ್ದು ಬೆಂಗಳೂರಿನ ಕನ್ನಡಕ್ಕೆ. ನಾನು ಹತ್ತಿದ್ದು ಬೆಳಿಗ್ಗೆ. ಹುಡುಗ ‘ಬಂತು’ ಅಂದದ್ದು ಸುಳ್ಳಲ್ಲ. ಏನು ಬಂತು ಅಂತ ನಾನು ಕೇಳಲಿಲ್ಲ, ಅಷ್ಟೇ.

ಅಣ್ಣ ಬೈಯಲಿಲ್ಲ. ‘ಹೋಗಿ ಸರಿ ಮಾಡಿ ಬಾ, ದುಡ್ಡು ಕೇಳಬೇಡ’ ಅಂದರು. ಸರಿ ಮಾಡಿ ಬರಲು ಮೂರು ದಿನ ಬೇಕಾಯಿತು.

ಆ ಮನೆ ಇದ್ದದ್ದು ಬೈಲಿನಲ್ಲಿ. ನಮ್ಮಲ್ಲಿ ಅಡಿಕೆ ತೋಟ ಇರುವುದೇ ಎರಡು ಗುಡ್ಡೆಯ ನಡುವೆ, ಮನೆ ತೋಟದ ಬದಿಯಲ್ಲಿ. ಮಂಗಳೂರಿನ ದಿಕ್ಕಿಗೆ ಸರಿಯಾಗಿ ಒಂದು ಮುರಕಲ್ಲಿನ ಗುಡ್ಡೆ ಅಡ್ಡ. ಟಿವಿಯ ಅಲೆ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ಗುಡ್ಡೆಯ ಹಿಂದೆ ಅದಕ್ಕೂ ನೆರಳು ಬೀಳುತ್ತದೆ. ಬಯಲು ಜಾಗದಲ್ಲಿ ಎಷ್ಟು ದೂರ ಮುಟ್ಟುತ್ತದೆ ಅನ್ನಲಿಕ್ಕೆ ಅಣ್ಣ ಒಂದು ಲೆಕ್ಕ ಹೇಳಿಕೊಟ್ಟರು. ಎತ್ತರವನ್ನು ಮೀಟರಿನಲ್ಲಿ ತಗೋ, ವರ್ಗಮೂಲ ಹಾಕು, 4.1ರಿಂದ ಗುಣಿಸು. 100 ಮೀಟರ್ ಟವರ್ ಆದರೆ 41 ಕಿಲೋಮೀಟರ್. ನಮ್ಮ ಕಂಬ 9 ಮೀಟರ್ ಇದ್ದರೆ ಇನ್ನು 12 ಕೂಡಿಸು. ಒಟ್ಟು 53. ಕಂಬವನ್ನು 16 ಮೀಟರ್ ಮಾಡಿದರೆ ಮತ್ತೆ ಸಿಗುವುದು ಬರೀ 4 ಕಿಲೋಮೀಟರ್. ಹಾಗಾಗಿ ಮನೆ ಮೇಲೆ ಕಂಬ ಉದ್ದ ಮಾಡುವುದು ದುಡ್ಡು ದಂಡ, ಗುಡ್ಡೆಗೇ ಹತ್ತಿಸು ಅಂದರು.

ಗುಡ್ಡೆಯ ತಲೆಯಲ್ಲಿ ಕಂಬ ನೆಟ್ಟೆ. ಅಲ್ಲಿಂದ ಮನೆಗೆ 120 ಮೀಟರ್ ವಯರ್. ಟಿವಿ ಹಿಂದೆ ಸಿಗ್ನಲ್ ದೊಡ್ಡ ಮಾಡುವ ಬೂಸ್ಟರ್ ಇಟ್ಟೆ. ಹಾಕಿ ನೋಡಿದರೆ ಪರದೆ ತುಂಬಾ ಇರುವೆ ಮುತ್ತಿದ ಹಾಗೆ! ಬೂಸ್ಟರ್ ಬದಲಾಯಿಸಿದೆ. ಇನ್ನೂ ದೊಡ್ಡದು ಇಟ್ಟೆ. ಇರುವೆಯೂ ದೊಡ್ಡದಾಯಿತು.

ಅಣ್ಣನ ಹತ್ತಿರ ಹೇಳಿದಾಗ ಅವರು ನಕ್ಕು ಕೇಳಿದರು, ‘ಬಯಲಾಟದಲ್ಲಿ ಮೈಕ್ ಎಲ್ಲಿ ಇಡ್ತಾರೆ ಮಾರಾಯ? ಭಾಗವತರ ಬಾಯಿ ಹತ್ತಿರವಾ, ಕಡಲೆ ಮಾರುವವನ ಹಿಂದೆಯಾ?’

ಆರ್‌ಜಿ 6 ಅನ್ನುವ ಒಳ್ಳೆಯ ಆಂಟೆನಾ ವಯರ್ ಆದರೂ 100 ಮೀಟರ್ ಓಡುವಷ್ಟರಲ್ಲಿ ಸಿಗ್ನಲಿನ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಅಷ್ಟು ಸೊರಗಿದ ಮೇಲೆ ಬೂಸ್ಟರ್ ಹಾಕಿದರೆ ಅದು ಸಿಗ್ನಲನ್ನೂ ದೊಡ್ಡ ಮಾಡುತ್ತದೆ, ಅದಕ್ಕೆ ಸೇರಿದ ಕಸವನ್ನೂ ದೊಡ್ಡ ಮಾಡುತ್ತದೆ. ಬೂಸ್ಟರ್ ಇರಬೇಕಾದದ್ದು ಗುಡ್ಡೆ ಮೇಲೆ, ಆಂಟೆನಾದ ಕುತ್ತಿಗೆಯಲ್ಲಿ. ಅದಕ್ಕೆ ಬೇಕಾದ ಕರೆಂಟನ್ನು ಅದೇ ವಯರಿನಲ್ಲಿ ಕೆಳಗಿಂದ ಕಳಿಸಬಹುದು. ಇದು ಗೊತ್ತಿಲ್ಲದೆ ಅಲ್ಲಿಯವರೆಗೆ ಎಷ್ಟು ಮನೆಯಲ್ಲಿ ಟಿವಿ ಹಿಂದೆ ಬೂಸ್ಟರ್ ಇಟ್ಟು ಬಂದಿದ್ದೆನೋ, ಈಗ ನೆನೆದರೆ ನಾಚಿಕೆ.

ಮೂರನೇ ದಿನ ಸಂಜೆಯೇ ಹೋದೆ, ಬೇಕೆಂದೇ. ಕನ್ನಡ ವಾರ್ತೆ ಬಂತು. ನೈರುತ್ಯದ ಚಿತ್ರದಷ್ಟು ಸ್ವಚ್ಛ ಇಲ್ಲ, ಅಲ್ಲಲ್ಲಿ ಚುಕ್ಕಿ. ಅಜ್ಜಿ ಕನ್ನಡಕ ಹಾಕಿ ಕೂತರು. ನನ್ನನ್ನು ತಿರುಗಿ ನೋಡಲೂ ಇಲ್ಲ.

ಅಂದಿನಿಂದ ಏಣಿ ಇಡುವ ಮೊದಲು ಕೇಳುವುದು ಒಂದೇ: ‘ಸಂಜೆ ನೀವು ಎಂತ ನೋಡುವುದು?’ ಉತ್ತರ ಮನೆಯಿಂದ ಮನೆಗೆ ಬೇರೆ. ಕೆಲವರಿಗೆ ಮಲಯಾಳವೇ ಬೇಕು. ತುಳು ಮಾತಾಡುವ ಮನೆಯಲ್ಲಿ ಎರಡೂ ನಡೆಯುತ್ತದೆ. ಒಂದು ಮನೆಯಲ್ಲಿ ಅತ್ತೆಗೆ ಕನ್ನಡ, ಕಾಞಂಗಾಡಿನಿಂದ ಬಂದ ಸೊಸೆಗೆ ಮಲಯಾಳ. ಅಲ್ಲಿ ಎರಡು ಆಂಟೆನಾ ಕಟ್ಟಿ, ಎರಡು ವಯರನ್ನು ಸುಮ್ನೆ ತಿರುಚಿ ಒಂದು ಮಾಡಿದ್ದೆ. ಒಂದರದ್ದು ಇನ್ನೊಂದಕ್ಕೆ ಸೇರಿ ವಾರ್ತೆ ಓದುವವರಿಗೆ ಎರಡೆರಡು ಮುಖ ಬಂತು. ಕಡೆಗೆ ಒಂದು ಸ್ವಿಚ್ ಇಟ್ಟೆ. ಆ ಸ್ವಿಚ್ ಯಾರ ಕೈಯಲ್ಲಿ ಇರಬೇಕು ಎನ್ನುವುದು ನನ್ನ ಕೆಲಸಕ್ಕೆ ಸೇರಿದ ವಿಷಯ ಅಲ್ಲ ಅಂತ ಜಾಗ ಖಾಲಿ ಮಾಡಿದೆ.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಕೆಲವು ಸಂಜೆ, ಗಾಳಿ ಇಲ್ಲದ ದಿನ, ಪರದೆಯ ಮೇಲೆ ಅಡ್ಡ ಗೆರೆಗಳು ಬರುತ್ತಿದ್ದವು. ಸಮುದ್ರದ ಮೇಲೆ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿಯ ಪದರ ಕೂತಾಗ ಅಲೆಗಳು ಆ ನಡುವೆ ಸಿಕ್ಕಿ ನೂರಾರು ಕಿಲೋಮೀಟರ್ ಓಡುತ್ತವೆ. ದೂರದ ಯಾವುದೋ ಊರಿನ ಟವರ್ ಅದೇ ಚಾನೆಲಿನಲ್ಲಿ ಬಂದು ನಮ್ಮದಕ್ಕೆ ಅಡ್ಡ ನಿಲ್ಲುತ್ತದೆ. ಅದಕ್ಕೆ ಮದ್ದಿಲ್ಲ, ತಾನೇ ಹೋಗುತ್ತದೆ. ನಾನು ಹೋಗಿ ಕಡ್ಡಿ ಸ್ವಲ್ಪ ಅಲ್ಲಾಡಿಸಿ 50 ರೂಪಾಯಿ ತಗೊಂಡದ್ದೂ ಉಂಟು.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅಣ್ಣ ಹಳೆ ಕತೆ ಹೇಳುತ್ತಿದ್ದರು. ದಿಲ್ಲಿಯಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ಕ್ಕೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಆ ದಿನಾಂಕ ಹೇಳುವಾಗ ಅಣ್ಣ ಒಂದು ಕ್ಷಣ ನಿಲ್ಲಿಸುತ್ತಿದ್ದರು. 1956ರ ಅದೇ ನವೆಂಬರ್ 1ಕ್ಕೆ ಅಲ್ವಾ ಕಾಸರಗೋಡು ಕೇರಳಕ್ಕೆ ಸೇರಿದ್ದು. ಆದರೆ ಕರ್ನಾಟಕದಲ್ಲಿ ಟಿವಿ ಮೊದಲು ನೋಡಿದ್ದು ಬೆಂಗಳೂರಿನವರಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್ 6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಿಟ್ಟರು. ಸೈಟ್ ಅಂತ ಅದರ ಹೆಸರು. ಅದರಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳೂ ಇದ್ದವು. ಅದು ಮುಗಿದ ಮೇಲೆ ಕಲಬುರಗಿಗೆ ಟವರೂ ಬಂತು, 1977ರಲ್ಲಿ. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು! ಇದನ್ನು ಮೊದಲು ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

1994ರಲ್ಲಿ ಬೆಂಗಳೂರಿನ ಕನ್ನಡ ಚಾನೆಲ್ ಉಪಗ್ರಹಕ್ಕೆ ಹೋಯಿತು. ಡಿಡಿ 9 ಅಂತ ಕರೆಯುತ್ತಿದ್ದದ್ದು, ಈಗಿನ ಚಂದನ. ಅದೇ ವರ್ಷ ಉದಯ ಟಿವಿಯೂ ಬಂತು. ಮೇಲಿಂದ ಬೀಳುವ ಸಿಗ್ನಲಿಗೆ ಗುಡ್ಡೆಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಆದರೆ ಅದನ್ನು ಹಿಡಿಯಲು 8 ಅಡಿ, 12 ಅಡಿಯ ಡಿಶ್ ಬೇಕಿತ್ತು. ಮನೆಯವರು ತರುವ ಸಾಮಾನಲ್ಲ. ತಂದದ್ದು ಕೇಬಲಿನವರು, ಮತ್ತು ಸ್ವಲ್ಪ ಸಮಯದಲ್ಲಿ ನಾನೂ ಕೇಬಲಿಗೆ ಸೇರಿದೆ.

ಅಲ್ಲಿ ಎರಡನೇ ಸಲ ಎಡವಿದೆ. 2006ರ ಹೊತ್ತಿಗೆ ನಾನು ಒಂದು ಕೇಬಲ್ ಕಂಟ್ರೋಲ್ ರೂಮಿನಲ್ಲಿದ್ದೆ. ಆಗಿನ ಕೇಬಲಿನಲ್ಲಿ ಜಾಗ ಎಣಿಸಿದಷ್ಟೇ. ಹೊಸ ಸಿನಿಮಾ ಚಾನೆಲ್ ಹಾಕಬೇಕಾದರೆ ಒಂದನ್ನು ತೆಗೆಯಬೇಕು. 1995ರ ಕೇಬಲ್ ಕಾನೂನಿನ 8ನೇ ಸೆಕ್ಷನ್ ದೂರದರ್ಶನದ ಕೆಲವು ಚಾನೆಲ್ ಕೊಡಲೇಬೇಕು ಅನ್ನುತ್ತಿತ್ತು, ಅದರಲ್ಲಿ ಪ್ರಾದೇಶಿಕ ಭಾಷೆಯದ್ದೂ ಒಂದು ಇರಬೇಕಿತ್ತು. ನಾವು ಇರುವುದು ಕೇರಳದಲ್ಲಿ, ದೂರದರ್ಶನದ ಮಲಯಾಳ ಚಾನೆಲ್ ಕೊಟ್ಟಾಯಿತು, ಲೆಕ್ಕ ಸರಿ ಅಂತ ನಾವು ಓದಿಕೊಂಡೆವು. ಚಂದನ ತೆಗೆದೆ. ಕೈ ನನ್ನದೇ.

ಆ ರಾತ್ರಿಯೇ ಫೋನ್ ಶುರು. ನಿವೃತ್ತ ಮೇಷ್ಟ್ರೊಬ್ಬರು, ‘ಏನಯ್ಯಾ, ಸೋಮೇಶ್ವರ ಎಲ್ಲಿ?’ ಅಂದರು. ನಾನು ಸೋಮೇಶ್ವರ ಊರನ್ನು ಕೇಳಿದ್ದು ಅಂದುಕೊಂಡು, ‘ಉಳ್ಳಾಲದ ಹತ್ತಿರ ಸಾರ್’ ಅಂದೆ. ಅವರು ಕೇಳಿದ್ದು ಚಂದನದ ‘ಥಟ್ ಅಂತ ಹೇಳಿ’ ಕ್ವಿಜ್ ನಡೆಸುವ ಡಾ. ನಾ. ಸೋಮೇಶ್ವರರನ್ನು. ಕನ್ನಡ ಮೀಡಿಯಂ ಮಕ್ಕಳಿಗೆ ಈ ಊರಿನಲ್ಲಿ ನೋಡಲಿಕ್ಕೆ ಅದೊಂದು ಇತ್ತು, ಅದನ್ನೂ ತೆಗೆದಿರಾ ಅಂತ ಕೇಳಿದರು. ಪೆರ್ಲದಿಂದ, ಏತಡ್ಕದಿಂದ ಕೂಡ ಫೋನ್ ಬಂತು.

ನಾಲ್ಕು ದಿನ ಬಿಟ್ಟು ಮತ್ತೆ ಹಾಕಿದೆ. ಆದರೆ ಎಲ್ಲಿ? ಮೇಲಿನ ಫ್ರೀಕ್ವೆನ್ಸಿಗಳ ಹೈಪರ್ ಬ್ಯಾಂಡಿನ ತುದಿಯಲ್ಲಿ. ಹೊಸ ಟಿವಿಗಳಿಗೆ ಅದು ಸಿಗುತ್ತದೆ, ಎಂಟೋ ಹನ್ನೆರಡೋ ಬಟನ್ ಇರುವ ಹಳೆ ಟಿವಿಗೆ ಸಿಗುವುದಿಲ್ಲ. ಹಳೆ ಟಿವಿ ಇದ್ದದ್ದು ಯಾರ ಮನೆಯಲ್ಲಿ? ಚಂದನ ಬೇಕು ಅಂತ ಫೋನ್ ಮಾಡಿದವರ ಮನೆಯಲ್ಲಿಯೇ. ಕಂಟ್ರೋಲ್ ರೂಮಿನ ನನ್ನ ಟಿವಿಯಲ್ಲಿ ಚಂದ ಬರುತ್ತಿತ್ತು. ಹಾಗಾಗಿ ಮತ್ತೆ ಫೋನ್ ಬಂದಾಗ, ‘ಹಾಕಿದ್ದೇನೆ ಸಾರ್, ನಿಮ್ಮ ಟಿವಿಯಲ್ಲೇ ಏನೋ ಪ್ರಾಬ್ಲಂ’ ಅಂತ ಜಂಬದಿಂದ ಹೇಳಿದೆ. ಒಂದು ವಾರ ಹಾಗೆಯೇ ಹೇಳಿದೆ! ಮೇಷ್ಟ್ರ ಮನೆಗೆ ಹೋಗಿ ಅವರ ಟಿವಿಯ ಬಟನ್ ಒತ್ತಿ ನೋಡಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಕೆಳಗಿನ ಬ್ಯಾಂಡಿಗೆ ತಂದೆ. ಸಿನಿಮಾ ಚಾನೆಲ್ ತುದಿಗೆ ಹೋಯಿತು, ಅದಕ್ಕೂ ಬೈಸಿಕೊಂಡೆ.

ಆಮೇಲೆ ಕೇಬಲಿಗೂ ಬಾಕ್ಸ್ ಬಂತು, ಜಾಗದ ಜಗಳ ಮುಗಿಯಿತು. 2019ರ ಫೆಬ್ರವರಿಯಿಂದ ಚಾನೆಲ್ ಆರಿಸುವ ಹೊಸ ಪದ್ಧತಿ ಬಂತು. ಆಗ 100 ಚಾನೆಲಿಗೆ 130 ರೂಪಾಯಿ ಇತ್ತು, ತೆರಿಗೆ ಬೇರೆ, ಪೇ ಚಾನೆಲ್ ಬೇರೆ. ಆ ಫಾರ್ಮ್ ತುಂಬಿಸಲು ಮನೆಮನೆಗೆ ನಾನೇ ಹೋದೆ, ಹುಡುಗರನ್ನು ಕಳಿಸಲಿಲ್ಲ.

ಹಳೆ ಟವರುಗಳ ಕತೆ ಸದ್ದಿಲ್ಲದೆ ಮುಗಿಯಿತು. ಪ್ರಸಾರ ಭಾರತಿ 2022ರ ಹೊತ್ತಿಗೆ ದೇಶದ ಅನಲಾಗ್ ಟಿವಿ ಟವರುಗಳನ್ನು ಹೆಚ್ಚುಕಡಿಮೆ ಎಲ್ಲಾ ನಿಲ್ಲಿಸಿತು. ನಮ್ಮ ಕಡೆ ಯಾರೂ ದೂರು ಕೊಡಲಿಲ್ಲ. ಕಡ್ಡಿ ಆಂಟೆನಾ ಗುಜರಿಗೆ ಹೋಗಿ, ಕೆಲವು ಕಡೆ ಬಟ್ಟೆ ಒಣಗಿಸುವ ಕೋಲಾಗಿ, ಆಗಲೇ ವರ್ಷಗಳಾಗಿದ್ದವು.

ಈಗ ನನ್ನ ಕೈಗೆ ಬರುವುದು ಫೈಬರ್ ಮತ್ತು ದೂರದರ್ಶನದ ಫ್ರೀ ಡಿಶ್. ಫ್ರೀ ಡಿಶ್ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು. ತಿಂಗಳ ಬಾಡಿಗೆ ಇಲ್ಲ, ಚಂದನವೂ ಉಂಟು. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಊರಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ. ಅಷ್ಟು ಎತ್ತರಕ್ಕೆ ಯಾವ ಗುಡ್ಡೆಯೂ ಅಡ್ಡ ಬರುವುದಿಲ್ಲ. ಜೂನ್ ಮಳೆ ಅಡ್ಡ ಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರು ನಮ್ಮದು, ಜೋರು ಮಳೆಗೆ ಈ ಸಿಗ್ನಲ್ ಕರಗಿ ಹೋಗುತ್ತದೆ. ಹಿಂದಿನ ಹಾಗೆ ಚುಕ್ಕಿ ಬರುವುದು, ನೆರಳು ಬರುವುದು ಇಲ್ಲ. ಇದ್ದರೆ ಪೂರ್ತಿ, ಹೋದರೆ ಪೂರ್ತಿ.

ಇನ್ನೊಂದು ಅಡ್ಡಿ ಅಡಿಕೆ ಮರ. ಡಿಶ್ ಇಟ್ಟ ವರ್ಷ ಸರಿ ಇರುತ್ತದೆ, ಮೂರು ವರ್ಷದಲ್ಲಿ ಮರ ಎದ್ದು ಸೋಗೆ ಅಡ್ಡ ಬರುತ್ತದೆ. ಮಳೆ ಬಂದಾಗ ಹೋಗುವುದು ಅಂತ ಮನೆಯವರು ಹೇಳುತ್ತಾರೆ, ಹೋಗಿ ನೋಡಿದರೆ ಗಾಳಿಗೆ ಸೋಗೆ ಆಡಿದಾಗ ಹೋಗುವುದು. ನಾಳೆ ಬೆಳಿಗ್ಗೆ ಮುಳ್ಳೇರಿಯ ಕಡೆ ಇಂಥದ್ದೇ ಒಂದು ಮನೆ ಉಂಟು. ಫಸಲು ಕೊಡುವ ಮರ ಕಡಿಯಲಿಕ್ಕೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ಡಿಶ್ ಹಟ್ಟಿಯ ಮಾಡಿಗೆ ಹೋಗುತ್ತದೆ ಅಂತ ಕಾಣುತ್ತದೆ. 40 ಮೀಟರ್ ವಯರ್ ಈಗಲೇ ಗಾಡಿಗೆ ಹಾಕಿ ಇಟ್ಟಿದ್ದೇನೆ.