ಮೂರು ನಾಲ್ಕು, ಮೂರು ನಾಲ್ಕು

ನಮ್ಮ ಶಾಲೆಯ ಸಂಚಿಕೆಯ ಪರವಾಗಿ ಫೋನ್ ಮಾಡಿದ ಹತ್ತನೇ ಕ್ಲಾಸಿನ ಹುಡುಗಿ "ಅಕ್ಕಾ, ನಮ್ಮ ಸಾಲಿ ನಿಮಗ ಹಾಡು ಬರೆಯೋದು ಹೆಂಗ ಕಲಿಸ್ತು ಅಂತ ಬರೀರಿ" ಎಂದಳು. ನನಗೆ ನಗು ಬಂತು. ನಾವು ಓದುವಾಗ ಶಾಲೆಯಲ್ಲಿ ಸಂಗೀತದ ಟೀಚರೇ ಇರಲಿಲ್ಲ. ಒಂದು ಹಾರ್ಮೋನಿಯಂ ಇತ್ತು. ಅದರ ತಿದಿಯನ್ನು ಇಲಿ ಕಡಿದಿದ್ದರಿಂದ ಸ್ಟಾಫ್ ರೂಮಿನ ಕಪಾಟಿನ ಮೇಲೆ ಕೂತಿತ್ತು. ಆದರೆ ಒಬ್ಬ ಕನ್ನಡ ಸರ್ ಇದ್ದರು. ಅವರು ಹಾಡುತ್ತಿರಲಿಲ್ಲ. ಬೆಂಚು ಬಡಿಯುತ್ತಿದ್ದರು.

ಹೋದ ವರ್ಷ ಸರ್ ತೀರಿಕೊಂಡರು. ಸುದ್ದಿ ಬಂದಿದ್ದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ, ಈಗ ದಾಲ್ ಮಿಲ್ ನಡೆಸುತ್ತಾನೆ, ಒಂದು ಆಡಿಯೋ ಕಳಿಸಿದ. ಮಾತಿಲ್ಲ, ಬರೀ ಮೇಜು ಬಡಿಯುವ ಸದ್ದು. ಮೂರು ನಾಲ್ಕು, ಮೂರು ನಾಲ್ಕು. ನಮ್ಮ ಬ್ಯಾಚಿನವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ಉಳಿದವರಿಗೆ ಹೇಳುತ್ತೇನೆ. ಭಾಮಿನಿ ಷಟ್ಪದಿ ಅಂದರೆ ಆರು ಸಾಲಿನ ಪದ್ಯದ ಒಂದು ಬಗೆ. ಅದರ ಚಿಕ್ಕ ಸಾಲಿನಲ್ಲಿ 14 ಮಾತ್ರೆ, ಮಾತ್ರೆ ಅಂದರೆ ಅಕ್ಷರ ನುಡಿಯುವ ಹೊತ್ತಿನ ಅಳತೆ. ಮೂರು, ನಾಲ್ಕು, ಮೂರು, ನಾಲ್ಕು ಅಂತ ಗಣ ಬರುತ್ತದೆ. ಪುಸ್ತಕದಲ್ಲಿ ಇದನ್ನು ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಅಂತ ಗೀಟು ಹಾಕಿ ಕಲಿಸುತ್ತಾರೆ. ಸರ್ ಪುಸ್ತಕ ತೆಗೆಸುತ್ತಲೇ ಇರಲಿಲ್ಲ. "ಗೀಟು ಆಮ್ಯಾಲೆ. ಮೊದ್ಲು ಕೈ" ಅನ್ನುತ್ತಿದ್ದರು. ಅರವತ್ತು ಮಕ್ಕಳು ಬೆಂಚು ಬಡಿಯಬೇಕು, ಅವರು ಪದ್ಯ ಓದಬೇಕು. ತಪ್ಪಿದವರ ಹತ್ತಿರ ಬಂದು ಕೈ ಹಿಡಿದು ಬಡಿಸುತ್ತಿದ್ದರು. ಪಕ್ಕದ ಕ್ಲಾಸಿನ ಗಣಿತದ ಮೇಡಂ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಸರ್ ಅವರಿಗೂ ಒಂದು ನಮಸ್ಕಾರ ಹಾಕಿ, "ನಮ್ದೂ ಲೆಕ್ಕಾನೇ ಅದರಿ ಮೇಡಂ" ಅಂದು ಮುಂದುವರಿಸುತ್ತಿದ್ದರು. ನಾವು ಅವರಿಗೆ ಇಟ್ಟ ಹೆಸರು ಲಘು ಗುರು ಸರ್. ಅವರಿಗೂ ಗೊತ್ತಿತ್ತು.

ಆಗ ಬೋರ್ಡಿನ ಮೇಲೆಲ್ಲ ಗುಲಬರ್ಗಾ ಅಂತಿತ್ತು. ಸರ್ಕಾರ ಕಲಬುರಗಿ ಅಂತ ಮಾಡಿದ್ದು 2014ರಲ್ಲಿ. ಸರ್ ಮಾತ್ರ ಅದಕ್ಕೂ ಮೊದಲೇ ಕರಿಹಲಗೆಯ ಮೂಲೆಯಲ್ಲಿ ತಾರೀಖಿನ ಜೊತೆ ಕಲಬುರಗಿ ಅಂತಲೇ ಬರೆಯುತ್ತಿದ್ದರು.

ನಮ್ಮ ಇನ್ನೊಬ್ಬ ಗುರುಗಳು ಪ್ಯೂನ್ ಕಾಕಾ. ಜೇವರ್ಗಿ ಕಡೆಯವರು. ಗಂಟೆ ಹೊಡೆಯುವುದು, ನೀರು ತುಂಬುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವುದು ಅವರ ಕೆಲಸ. ಅಮಾವಾಸ್ಯೆ ಬಂತೆಂದರೆ ಊರಿಗೆ ಹೋಗಿ ರಾತ್ರಿಯೆಲ್ಲ ಭಜನೆಗೆ ಕೂತು, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಬರುತ್ತಿದ್ದರು. ಅವರು ಹಾಡುತ್ತಿದ್ದದ್ದು ಕಡಕೋಳ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದ. ಕೈಯಲ್ಲಿ ದಮ್ಮಡಿ ವಾದ್ಯ. ಓದು ಬರಹ ಅಷ್ಟಕ್ಕಷ್ಟೆ. ಒಮ್ಮೆ ಸರ್ ಅವರನ್ನು ಕ್ಲಾಸಿಗೆ ಕರೆದು ಕುರ್ಚಿಯಲ್ಲಿ ಕೂರಿಸಿ ಹಾಡಿಸಿದರು. ತಾವು ಕೆಳಗೆ ನಮ್ಮ ಬೆಂಚಿನಲ್ಲಿ ಕೂತರು.

ಸರ್ ಯಾಕೆ ಹಾಗೆ ಮಾಡಿದರು ಅಂತ ಅವತ್ತು ಪೂರ್ತಿ ತಿಳಿಯಲಿಲ್ಲ. ಅದು ತಿಳಿದದ್ದು ಮಳಖೇಡದ ಟ್ರಿಪ್‌ನಲ್ಲಿ. ಮಳಖೇಡ ಇಲ್ಲಿಂದ ಸುಮಾರು 40 ಕಿಲೋಮೀಟರ್, ಸೇಡಂ ತಾಲ್ಲೂಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಅದೇ. ಟೆಂಪೋದಲ್ಲಿ ಹೋದೆವು. ಹುಡುಗರು ಕಾಗಿಣಾ ನದಿ ಕಂಡ ಕೂಡಲೇ ಓಡಿದರು. ಸರ್ ಕೋಟೆಯ ಮುರುಕು ಗೋಡೆಗೆ ಒರಗಿ ನಿಂತು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಈ ಊರಿನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ ಎಂದರು. ಕನ್ನಡದ ಜನ 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂತ ಅದರಲ್ಲಿ ಬರುತ್ತದೆ. ಓದದೆಯೂ ಕಾವ್ಯ ಕಟ್ಟಬಲ್ಲವರು. "ನಮ್ಮ ಕಾಕಾನ ಬಗ್ಗೆನೇ ಬರದಾರ ನೋಡ್ರಿ" ಎಂದು ನಕ್ಕರು. ಕಾಕಾ ಆ ಹೊತ್ತಿಗೆ ಹುಡುಗರನ್ನು ನೀರಿನಿಂದ ಎಳೆದು ತರುವುದರಲ್ಲಿದ್ದರು.

ಇನ್ನು ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವದ ಕಥೆ. ಇದನ್ನು ಬರೆಯಬೇಕೋ ಬೇಡವೋ ಅಂತ ಗೆಳತಿಯರನ್ನು ಕೇಳಿದೆ. ಹೆಸರು ಹಾಕಬೇಡ, ಬರಿ ಎಂದರು.

ಒಂಬತ್ತನೇ ಕ್ಲಾಸಿನ ಕೋಣೆಗೆ ತಗಡಿನ ಮಾಡು. ಕಲಬುರಗಿಯ ಏಪ್ರಿಲ್ ಬಿಸಿಲು ಗೊತ್ತಲ್ಲ, 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಆ ಬೇಸಿಗೆಯಲ್ಲಿ ಹೆಡ್‌ಮಾಸ್ತರ ಕೋಣೆಗೆ ಹೊಸ ಕೂಲರ್ ಬಂತು. ನಮ್ಮ ಕೋಣೆಯ ಫ್ಯಾನ್ ರಿಪೇರಿಗೆ ದುಡ್ಡಿರಲಿಲ್ಲ. ಗ್ಯಾದರಿಂಗ್ ಬರುವವರೆಗೂ ನಾವು ಮೂವರು ಹುಡುಗಿಯರು ಆ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡೆವು. ಆಮೇಲೆ ಹಳೇ ಕವಿಯೊಬ್ಬ ಬರೆದಂತೆ ಭಾಮಿನಿಯಲ್ಲಿ ಒಂದು ಪದ್ಯ ಕಟ್ಟಿದೆವು. 'ಹಸ್ತಪ್ರತಿಯಲ್ಲಿ ಸಿಕ್ಕ ಅಜ್ಞಾತ ಕವಿಯ ಕಾವ್ಯವಾಚನ' ಅಂತ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಿದೆವು. ಮೊದಲ ಮೂರು ಸಾಲು ಇನ್ನೂ ಬಾಯಿಪಾಠ ಇವೆ:

ಬಿಸಿಲ ಬೇಗೆಗೆ ಬೆಂದ ಬಾಲರು
ಹಸಿದು ಕುಳಿತಿರೆ ತಗಡ ಕೆಳಗಡೆ
ಹೊಸತು ಯಂತ್ರದ ತಂಪುಗಾಳಿಗೆ ನಿದ್ದೆ ದೊರೆಗಾಯ್ತೇ

ರಾಗ ಎಳೆದು ಎಳೆದು ಹಾಡಿದೆವು. ಮೊದಲು ನಕ್ಕವರು ಲೈಟಿನ ಸ್ವಿಚ್ಚಿನ ಹತ್ತಿರ ನಿಂತಿದ್ದ ಕಾಕಾ. ಮುಖ್ಯ ಅತಿಥಿಗಳು ಮಾತ್ರ ಗಂಭೀರವಾಗಿ ತಲೆದೂಗಿದರು. ಪ್ರಾಚೀನ ಕಾವ್ಯವನ್ನು ಮಕ್ಕಳ ಬಾಯಿಂದ ಕೇಳಿ ಮೈ ಜುಮ್ಮೆಂದಿತು ಎಂದು ಭಾಷಣದಲ್ಲಿ ಹೇಳಿದರು. ನಮಗೆ ಒಂದೊಂದು ಸ್ಟೀಲ್ ಡಬ್ಬಿ ಬಹುಮಾನ. ಕೊಟ್ಟಿದ್ದು ಹೆಡ್‌ಮಾಸ್ತರೇ.

ಮರುದಿನ ಸರ್ ಕ್ಲಾಸಿಗೆ ಬಂದವರೇ ಬಾಗಿಲು ಮುಂದೆ ಮಾಡಿದರು. ನಮ್ಮ ಪದ್ಯದ ಐದನೇ ಸಾಲನ್ನು ಹಲಗೆಯ ಮೇಲೆ ಬರೆದರು. ಒಂದೇ ಸಲ ಕೇಳಿದ್ದು, ನೆನಪಿಟ್ಟುಕೊಂಡಿದ್ದರು. ಲಘು ಗುರು ಹಾಕಿದರು. ಎಣಿಸಿದರು. 15 ಬಂತು. "ಇದು ಹಳೇ ಕವಿ ಬರದದ್ದಲ್ಲ. ಹಳೇ ಕವಿ ಉಪಾಸ ಇರ್ತಾನ, ಆದ್ರ ಮಾತ್ರೆ ಜಾಸ್ತಿ ತಿನ್ನಂಗಿಲ್ಲ" ಎಂದರು. ಯಾರು ಬರೆದದ್ದು ಅಂತ ಕೇಳಲೇ ಇಲ್ಲ. ಗಂಟೆ ಹೊಡೆದ ಮೇಲೆ ನನ್ನ ಬೆಂಚಿನ ಹತ್ತಿರ ನಿಂತು ಮೆಲ್ಲಗೆ, "ನಾಳಿಗಿ ಆ ಸಾಲು ಸರಿ ಮಾಡಿ ತರಬೇಕವಾ. ಇನ್ನೊಂದು ಪದ್ಯಾನೂ ಬರೀ. ಈ ಸಲ ಕೂಲರ್ ಬ್ಯಾಡ" ಎಂದರು.

ಬರೆದೆ. ಕಾಗಿಣಾ ನದಿಯ ಮೇಲೆ. ನನ್ನ ಮೊದಲ ಹಾಡು ಅದೇ. (ಹೆಡ್‌ಮಾಸ್ತರಿಗೆ ಈ ಕಥೆ ಇವತ್ತೇ ಗೊತ್ತಾಗುತ್ತಿದೆ. ಸರ್, ನಮಸ್ಕಾರ. ಡಬ್ಬಿ ಇನ್ನೂ ಇದೆ.)

ಈಗ ನಾನು ಗಿಟಾರ್ ಹಿಡಿದು ನನ್ನದೇ ಹಾಡು ಹಾಡುತ್ತೇನೆ. ಬೆಂಗಳೂರು, ಪುಣೆ, ಹೈದರಾಬಾದ್, ಎಲ್ಲಿ ಕರೆದರೂ ಹೋಗುತ್ತೇನೆ. ಓದಿದ ವಚನ, ಕಥೆ, ಹಳೇ ಕಾವ್ಯದ ಒಂದು ಪಾತ್ರ, ಇಂಥದ್ದರಿಂದ ನನ್ನ ಹಾಡು ಶುರುವಾಗುತ್ತದೆ. ಆದರೆ ಯಾರ ಸಾಲನ್ನೂ ಎತ್ತಿಕೊಳ್ಳುವುದಿಲ್ಲ. ಇದೂ ಸರ್ ಹಾಕಿಕೊಟ್ಟ ದಾರಿ. ಕಾಲೇಜಿನಲ್ಲಿದ್ದಾಗ ಒಂದು ಪ್ರಸಿದ್ಧ ಕವಿತೆಗೆ ರಾಗ ಹಾಕಿ ಅವರಿಗೆ ಕೇಳಿಸಿದ್ದೆ. ಪೂರ್ತಿ ಕೇಳಿ, "ಛಲೋ ಅದ. ಆದ್ರ ಇದು ಅವರದು. ನೀ ಓದು, ಪುಸ್ತಕ ಮುಚ್ಚು, ನಾಲ್ಕು ದಿನ ಬಿಡು. ಆಮ್ಯಾಲೆ ಏನು ನೆನಪಿರ್ತದ ಅಷ್ಟೇ ನಿಂದು" ಎಂದರು. ನಾನು ಈಗಲೂ ಹಾಗೇ ಮಾಡುತ್ತೇನೆ. ಕೆಲವು ಪುಸ್ತಕಗಳಿಂದ ನಾಲ್ಕು ದಿನಕ್ಕೆ ಏನೂ ಉಳಿಯುವುದಿಲ್ಲ. ದಪ್ಪ ಪುಸ್ತಕಗಳೇ ಜಾಸ್ತಿ.

ಬೆಂಗಳೂರಲ್ಲಿ ಮೊದಲ ಸಲ ಬ್ಯಾಂಡ್ ಜೊತೆ ರಿಹರ್ಸಲ್ ಮಾಡಿದಾಗ ಒಂದು ತಮಾಷೆ ಆಯಿತು. ನಾನು ಒಂದು ಹಾಡು ಶುರು ಮಾಡಿದೆ. ಡ್ರಮ್ಸ್ ಹುಡುಗ ನಿಲ್ಲಿಸಿ, ಇದು ಸೆವೆನ್ ಬೈ ಏಯ್ಟ್, ಏಳರ ಎಣಿಕೆ, ಭಾರಿ ಕಷ್ಟದ್ದು, ಯಾವ ವಿದೇಶಿ ಬ್ಯಾಂಡ್ ಕೇಳಿ ಕಲಿತೆ ಅಂತ ಕೇಳಿದ. ತಬಲಾದವರು, ಏ ಇದು ದೀಪಚಂದಿ ತಾಳ, 14 ಮಾತ್ರೆ, ಠುಮ್ರಿಗೆ ಬರುತ್ತಲ್ಲ ಎಂದರು. ಇಬ್ಬರೂ ಸರಿಯೇ. ನಾನು ಮಾತ್ರ ಇದು ಭಾಮಿನಿ ಎಂದೆ. ಷಟ್ಪದಿಯಲ್ಲಿ ಮೂರನೇ ಸಾಲು, ಆರನೇ ಸಾಲು ಉದ್ದ, ಕೊನೆಗೆ ಒಂದು ಗುರು. ಸ್ಟೇಜ್ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಆ ಗುರುವಿನ ಮೇಲೆ ದನಿ ನಿಲ್ಲಿಸಿದರೆ ನನಗೆ ಉಸಿರು ಸಿಗುತ್ತದೆ, ಕೇಳುವವರು ಅಲ್ಲೇ ದನಿ ಸೇರಿಸುತ್ತಾರೆ. ಕನ್ನಡ ಬಾರದವರೂ ಸೇರಿಸಿದ್ದಾರೆ. ಪುಣೆಯಲ್ಲಿ ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇದನ್ನೆಲ್ಲ ನಾನೇ ಬರೆಯಬಾರದು. ಆದರೆ ನಾನು ಬರೆಯದಿದ್ದರೆ ಇನ್ಯಾರು ಬರೀತಾರೆ, ಅಲ್ವಾ?

2016ರಲ್ಲಿ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗ ಸರ್ ತಾವಾಗಿ ಫೋನ್ ಮಾಡಿದ್ದರು. "ಹಾಡು ಬರಿಯೋರಿಗಿ ನೊಬೆಲ್ ಕೊಟ್ಟಾರಂತಲ್ಲವಾ. ಜನ ಯಾಕ ಇಷ್ಟು ಗದ್ದಲ ಮಾಡ್ಲತ್ತಾರ? ನಮ್ಮ ಕಡಿ ಸಾಹಿತ್ಯ ಹಾಡಲಾರದೇ ಇದ್ದದ್ದು ಯಾವಾಗ?" ಅಂತ ಕೇಳಿದರು. ಆಮೇಲೆ ಅವರ ಹಾಡೊಂದನ್ನು ಕಳಿಸು ಎಂದರು. ಕಳಿಸಿದೆ. ಮೂರು ದಿನ ಬಿಟ್ಟು ಉತ್ತರ ಬಂತು: ಮೂಗಿನಿಂದ ಹಾಡ್ತಾರ, ಆದ್ರ ಮಾತ್ರೆ ಸರಿ ಅವ.

ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾನು ಹಾಡಿದಾಗ ಸರ್ ಬಂದಿದ್ದರು. ಮಂಡಿ ನೋವಿತ್ತು, ಮಗ ಕೈ ಹಿಡಿದು ಕರೆತಂದ. ಮುಂದಿನ ಸಾಲಿನ ಸೋಫಾ ಬಿಟ್ಟು ಹಿಂದೆ ಕೂತರು. ಸೋಫಾ ಬಡಿದರೆ ಸದ್ದು ಬರುವುದಿಲ್ಲ ಅಂತ ಆಮೇಲೆ ಕಾರಣ ಹೇಳಿದರು. ನನ್ನ ಹಾಡಿನ ಬಗ್ಗೆ ಹೊಗಳಿಕೆ ಏನಾದರೂ ಬರಬಹುದೆಂದು ಕಾದೆ. "ಎರಡನೇ ಹಾಡಿನಾಗ ಓಡ್ಲತ್ತಿದ್ದಿ" ಅಂದರು ಅಷ್ಟೇ. ಸಂಜೆಯ ರೆಕಾರ್ಡಿಂಗ್ ಕೇಳಿದೆ. ಹೌದು, ಓಡಿದ್ದೆ.

ಕಳೆದ ಸಲ ಶಾಲೆಗೆ ಹೋದಾಗ ಒಂಬತ್ತನೇ ಕ್ಲಾಸಿಗೆ ಸ್ಮಾರ್ಟ್ ಬೋರ್ಡ್ ಬಂದಿತ್ತು. ಫ್ಯಾನ್ ತಿರುಗುತ್ತಿತ್ತು, ಸಂತೋಷ. ಮಕ್ಕಳು ಚುರುಕಾಗಿದ್ದಾರೆ. ಒಂದು ಪದ್ಯಕ್ಕೆ ಲಘು ಗುರು ಪ್ರಸ್ತಾರ ಹಾಕಿ ಅಂದರೆ ಎರಡು ನಿಮಿಷದಲ್ಲಿ ಹಾಕಿ ತೋರಿಸಿದರು. ಈಗ ಓದಿ ಅಂದೆ. ಸುಮ್ನೆ ಮುಖ ನೋಡಿದರು. ಗೀಟು ಎಲ್ಲ ಸರಿ ಇದೆ, ಬಾಯಿಗೆ ಪದ್ಯ ಬಂದಿಲ್ಲ. ಅವರ ತಪ್ಪಲ್ಲ. ಪರೀಕ್ಷೆಯಲ್ಲಿ ಗೀಟಿಗೆ ಅಂಕ ಇದೆ, ಬಾಯಿಗೆ ಇಲ್ಲ. ಗ್ಯಾದರಿಂಗ್‌ನಲ್ಲೂ ಈಗ ಪೆನ್‌ಡ್ರೈವ್ ಹಾಕಿ ಸಿನಿಮಾ ಹಾಡಿಗೆ ಕುಣಿಯುತ್ತಾರಂತೆ. ಕುಣಿಯಲಿ, ನಾವೂ ಕುಣಿದವರೇ. ಆದರೆ ಮಕ್ಕಳೇ ಕಟ್ಟಿದ ಒಂದು ತರಲೆ ಪದ್ಯವಾದರೂ ಬೇಡವಾ? ನನಗಿನ್ನೂ ಮೂವತ್ತಾಗಿಲ್ಲ, ಮಾತು ಮಾತ್ರ ಆಗಲೇ ಮುದುಕಿಯದು.

ಈ ಸಲದ ಗ್ಯಾದರಿಂಗ್‌ಗೆ ಹಾಡಲು ನನ್ನನ್ನು ಕರೆದಿದ್ದಾರೆ. ಡ್ಯಾನ್ಸ್‌ಗಳ ನಡುವೆ ಹದಿನೈದು ನಿಮಿಷ ಕೊಡುತ್ತಾರಂತೆ. ಅರ್ಧ ಗಂಟೆ ಕೇಳಿದ್ದೇನೆ, ಅದಕ್ಕೆ ಒಪ್ಪಿದ್ದಾರೆ. ಇನ್ನೊಂದು ಬೇಡಿಕೆಗೆ ಮಾತ್ರ ಆಫೀಸಿನವರು ತಲೆ ಕೆರೆದುಕೊಂಡರು. ಒಂಬತ್ತನೇ ಕ್ಲಾಸಿನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಬೇಡಿ, ಸ್ಟೋರ್ ರೂಮಿನಲ್ಲಿರುವ ಹಳೇ ಕಟ್ಟಿಗೆ ಬೆಂಚುಗಳನ್ನು ಮೈದಾನಕ್ಕೆ ತರಿಸಿ ಎಂದು ಬರೆದಿದ್ದೆ. ಅಷ್ಟು ಬೆಂಚು ಯಾರು ಹೊರಬೇಕು ಅಂತ ಕೇಳಿದರು. ನಮ್ಮ ಬ್ಯಾಚಿನ ಗುಂಪಿನಲ್ಲಿ ಹಾಕಿದೆ. ದಾಲ್ ಮಿಲ್ಲಿನ ಹುಡುಗ ಹಮಾಲರನ್ನು ಕಳಿಸುತ್ತಾನಂತೆ.