ರಬ್ಬರ್ ವಾಸನೆಯ ಆಲೆಮನೆ

ಹೋದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ತಂತಿ ಮೇಲಿದ್ದ ಮಗಳ ಯೂನಿಫಾರಂ ಕೊಡವಿದೆ. ಕಪ್ಪು ಚೂರುಗಳು ಉದುರಿದವು. ಉಜ್ಜಿದರೆ ಕಬ್ಬಿನ ಬೂದಿಯಂತೆ ಪುಡಿಯಾಗಲಿಲ್ಲ, ಎಣ್ಣೆಮಸಿಯಂತೆ ಬೆರಳಿಗೆ ಮೆತ್ತಿಕೊಂಡಿತು.

ಮಂಡ್ಯದ ಕಡೆಯವರಿಗೆ ಆಲೆಮನೆ ಹೊಗೆ ಹೊಸದಲ್ಲ. ಚಿಕ್ಕವಳಿದ್ದಾಗ ಆ ಘಮ ಬಂದರೆ ತಟ್ಟೆ ಹಿಡಿದು ಬಿಸಿ ಬೆಲ್ಲಕ್ಕೆ ಓಡುತ್ತಿದ್ದೆ. ಈಗ ಒಲೆಗೆ ಟೈರ್ ಹಾಕುತ್ತಾರೆ, ಬರುವುದು ಸುಟ್ಟ ರಬ್ಬರ್ ವಾಸನೆ. ಆರು ವರ್ಷದ ಮಗಳಿಗೆ ಎರಡು ವಾರದಿಂದ ರಾತ್ರಿಯೆಲ್ಲ ಕೆಮ್ಮು.

"ಮನೆ ಹತ್ರ ಏನಾದ್ರೂ ಸುಡ್ತಾರಾ?" ಎಂದೇ ಡಾಕ್ಟರು ಮೊದಲು ಕೇಳಿದ್ದು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಈ ವಯಸ್ಸಿನ ಮಕ್ಕಳು 20-25 ಸಲ ಉಸಿರಾಡುತ್ತಾರಂತೆ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಟೈರಿನಲ್ಲಿ ಗಂಧಕ ಇರುತ್ತದೆ, ಅದರ ಹೊಗೆ ಉಸಿರುನಾಳವನ್ನು ಕೆರಳಿಸುತ್ತದೆ. ಮಸಿಯ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇಳುವುದಿಲ್ಲ, ನೆಲದ ಹತ್ತಿರವೇ ಕವಿದುಕೊಳ್ಳುತ್ತದೆ. ಮಕ್ಕಳು ಸ್ಕೂಲಿಗೆ ಹೊರಡುವುದೂ ಆಗಲೇ.

ಸಂಜೆ ಸಿಟ್ಟಿನಲ್ಲೇ ಆಲೆಮನೆಗೆ ಹೋದೆ. ಮಾಲೀಕರು ಗೊತ್ತಿದ್ದವರೇ.

"ಏನ್ ಮಾಡಾನಕ್ಕ, ಮಳೆಗೆ ರಚ್ಚೆಲ್ಲ ನೆಂದೋಗದೆ. ಹಸಿ ರಚ್ಚು ಉರಿಯಲ್ಲ. ಟೈರಾದ್ರೆ ಬೇಗ ಕಾವು ಹಿಡೀತದೆ."

ರಚ್ಚು ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಒಲೆಗೆ ಅದೇ ಸೌದೆ. ಅವರು ಹೇಳಿದ್ದು ಸುಳ್ಳೇನಲ್ಲ. ಆದರೆ ಬಿಸಿಲಿದ್ದಾಗಲೂ ಟೈರ್ ಉರಿದದ್ದನ್ನು ನಾನೇ ನೋಡಿದ್ದೇನೆ. ಜಗಳಕ್ಕೆ ಬಾಯಿ ತೆರೆದವಳು ಒಲೆಯ ಕಡೆ ನೋಡಿದೆ. ಟೈರ್ ತುಂಡು ತಳ್ಳುತ್ತಿದ್ದವನು ಉತ್ತರ ಪ್ರದೇಶದಿಂದ ಬಂದ ಹುಡುಗ. ಹತ್ತು ಹೆಜ್ಜೆ ಆಚೆ ತಗಡಿನ ಶೆಡ್ಡು, ಬಾಗಿಲಿಗೆ ಗೋಣಿಚೀಲ. ಅದರ ಮುಂದೆ ಎರಡು ವರ್ಷದ ಮಗು ಕಬ್ಬಿನ ತುಂಡು ಚೀಪುತ್ತಾ ಕೂತಿತ್ತು. ಮೂಗಿನ ಕೆಳಗೆಲ್ಲ ಮಸಿ. ಅದೂ ಕೆಮ್ಮುತ್ತಿತ್ತು. ಕೈಚೀಲದಲ್ಲಿದ್ದ ನನ್ನ ದೂರಿನ ಅರ್ಜಿಯಲ್ಲಿ ಇದ್ದದ್ದು ನನ್ನ ಮಗಳ ಕೆಮ್ಮು ಮಾತ್ರ.

ಮನೆಗೆ ಬಂದು ಅರ್ಜಿಯನ್ನು ಹೊಸದಾಗಿ ಬರೆದೆ, ಶೆಡ್ಡಿನ ಮಗುವನ್ನೂ ಸೇರಿಸಿ. ಆಲೆಮನೆ ಮುಚ್ಚಿ ಎಂದು ಬರೆಯಲಿಲ್ಲ. ಅವರ ಕೂಲಿ ಹೋದರೆ ಆ ಮಗುವಿಗೆ ಏನು ಸಿಕ್ಕಂತಾಯಿತು? ರಚ್ಚು ನೆನೆಯದಂತೆ ಸೂರು ಹಾಕಲಿ, ಟೈರ್ ನಿಲ್ಲಿಸಲಿ ಎಂದಷ್ಟೇ ಕೇಳಿದೆ. ಹೊಗೆ ತಡೆಯಲು 1981ರಿಂದ ಕಾನೂನಿದೆ. ಕಚೇರಿಯಲ್ಲಿ "ನೋಡ್ತೀವಿ ಮೇಡಂ" ಅಂದರು.

ಮುಂದಿನ ವಾರ ಹಗಲಿನ ಹೊಗೆ ಬೆಳ್ಳಗಾಯಿತು. ಖುಷಿಪಟ್ಟೆ. ನಾಲ್ಕನೇ ರಾತ್ರಿ, ಹನ್ನೊಂದು ದಾಟಿದ ಮೇಲೆ, ಮಗಳು ಎದ್ದು ಕೂತು "ಅಮ್ಮಾ, ವಾಸನೆ" ಅಂದಳು. ಕಿಟಕಿ ಹಾಕಿದೆ. ಎರಡನೇ ಅರ್ಜಿಯಲ್ಲಿ ಗಂಟೆಯನ್ನೂ ಬರೆದಿದ್ದೇನೆ.